ವಾದದ ಬೆಟ್ಟ, ಸಂಧಾನದ ಬಸದಿ

ಬೆಂಗಳೂರಿನಿಂದ ಹಾಸನಕ್ಕೆ ಹೋಗುವ ಹೆದ್ದಾರಿಯಲ್ಲಿ ನೆಲಮಂಗಲ, ಕುಣಿಗಲು, ಯಡಿಯೂರುಗಳನ್ನು ಹಿಂದಿಟ್ಟು ಹಿರೀಸಾವೆಯಲ್ಲಿ ಎಡಕ್ಕೆ ಹೊರಳಿದ ಪ್ರಯಾಣಿಕನಿಗೆ, ತೆಂಗಿನ ತೋಟಗಳಾಚೆ ಎದ್ದು ನಿಂತ ಬೋಳುಬಂಡೆಯ ಬೆಟ್ಟವೊಂದು ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಅದರ ನೆತ್ತಿಯ ಮೇಲೆ ಗೊಮ್ಮಟನ ತಲೆ ಮತ್ತು ಹೆಗಲುಗಳು ಮೊದಲು ಚುಕ್ಕೆಯಂತೆ, ಅನಂತರ ಮೂರ್ತಿಯಾಗಿ ಮೂಡುತ್ತವೆ. ಶ್ರವಣಬೆಳಗೊಳಕ್ಕೆ ಬರುವವರಲ್ಲಿ ಹೆಚ್ಚಿನವರು ಆ ದೊಡ್ಡಬೆಟ್ಟದ ಆರು ನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಹತ್ತಿ, ಚಾವುಂಡರಾಯನು ಹತ್ತನೆಯ ಶತಮಾನದ ಕೊನೆಯಲ್ಲಿ ಮಾಡಿಸಿದ ವಿಗ್ರಹಕ್ಕೆ ಕೈಮುಗಿದು, ಕೆಳಗಿಳಿದು ಎಳನೀರು ಕುಡಿದು ಹಿಂದಿರುಗುತ್ತಾರೆ. ಅದು ತಪ್ಪಲ್ಲ. ಆದರೆ ಈ ಊರಿನಲ್ಲಿ ಗೊಮ್ಮಟನಲ್ಲದೆ ಮತ್ತೊಂದು ಸಂಪತ್ತೂ ಉಂಟು. ಅದು ಇಲ್ಲಿಯ ಶಾಸನಗಳು. 1889ರಲ್ಲಿ ಬಿ. ಎಲ್. ರೈಸ್ ಅವರು ಇಲ್ಲಿಯ 144 ಶಾಸನಗಳನ್ನು ಪ್ರಕಟಿಸಿದರು. 1923ರಲ್ಲಿ ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದಾಗ ಆ ಸಂಖ್ಯೆ 500ಕ್ಕೆ ಏರಿತು. 1973ರ ಆವೃತ್ತಿಯಲ್ಲಿ 573 ಆಯಿತು. ಸಾವು, ದಾನ, ಯಾತ್ರೆ, ಗುರುಪರಂಪರೆ ಎಲ್ಲವೂ ಅಲ್ಲಿವೆ. ಮತಭೇದವುಳ್ಳ ಜನರು ಹೇಗೆ ವಾದಿಸಿದರು, ಹೇಗೆ ಕಾದಾಡಿದರು, ಕೊನೆಗೆ ಹೇಗೆ ಒಟ್ಟಿಗೆ ಕುಳಿತು ಮಾತನಾಡಿದರು ಎಂಬುದೂ ಅಲ್ಲಿದೆ.

ಈಚೆಗೆ ಒಂದು ಶನಿವಾರದ ಮುಂಜಾನೆ ಬೆಂಗಳೂರಿನ ಒಂದು ಸಂಸಾರವು ಇಲ್ಲಿಗೆ ಬಂದಿಳಿಯಿತು. ನಿವೃತ್ತರಾದ ಮಾವನವರು, ಅತ್ತೆಯವರು, ಇಂಜಿನಿಯರ್ ಆದ ಅಳಿಯ, ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುವ ಮಗಳು, ಹತ್ತು ವರ್ಷದ ಮೊಮ್ಮಗ. ನೋಡಿದವರಿಗೆ ಸುಖೀ ಸಂಸಾರ. ಆದರೆ ಮಾವನವರಿಗೂ ಅಳಿಯನಿಗೂ ನಾಲ್ಕು ತಿಂಗಳಿನಿಂದ ನೇರವಾದ ಮಾತಿರಲಿಲ್ಲ. ಯುಗಾದಿಯ ದಿನ ಒಬ್ಬಟ್ಟಿನ ಎಲೆಯ ಮುಂದೆ ಕುಳಿತಿದ್ದಾಗ, ದೇವಸ್ಥಾನದ ಹುಂಡಿಯ ಹಣವನ್ನು ಸರ್ಕಾರ ಮುಟ್ಟಬಹುದೇ ಎಂಬ ಪ್ರಶ್ನೆ ಎದ್ದಿತ್ತು. ಭಕ್ತರು ದೇವರಿಗೆ ಕೊಟ್ಟದ್ದರಲ್ಲಿ ಮುಜರಾಯಿ ಇಲಾಖೆಗೆ ಏನು ಕೆಲಸವೆಂದು ಮಾವನವರು ಕೇಳಿದರು. ಹತ್ತು ಜನರ ಹಣವೆಂದ ಮೇಲೆ ಹತ್ತು ಜನರಿಗೆ ಲೆಕ್ಕ ಒಪ್ಪಿಸಬೇಕೆಂದು ಅಳಿಯ ಹೇಳಿದ. ಅಲ್ಲಿಂದ ಮಾತು ಚುನಾವಣೆಗೆ ಹೋಯಿತು. ಚುನಾವಣೆಯಿಂದ ಒಬ್ಬರ ಭಕ್ತಿಗೆ, ಮತ್ತೊಬ್ಬರ ಬುದ್ಧಿಗೆ ಹೋಯಿತು. "ನಿಮಗೆ ದೇವರಲ್ಲಿ ನಂಬಿಕೆಯೇ ಇಲ್ಲ" ಎಂದು ಒಬ್ಬರು, "ನಿಮಗೆ ಯೋಚಿಸುವ ಅಭ್ಯಾಸವೇ ಇಲ್ಲ" ಎಂದು ಇನ್ನೊಬ್ಬರು ಹೇಳಿಬಿಟ್ಟರು. ಮಾವನವರು ಎಲೆಯಿಂದ ಎದ್ದರು. ಅಂದಿನಿಂದ "ನೀರು ಬೇಕೇ?" "ಬೇಡ" ಎನ್ನುವಷ್ಟರಲ್ಲಿ ಮಾತು ಮುಗಿಯುತ್ತಿತ್ತು. ಈ ಪ್ರವಾಸವನ್ನು ಗೊತ್ತುಮಾಡಿದವಳು ಮಗಳು. ಅವಳ ಚೀಲದಲ್ಲಿ ತಿಂಡಿಯ ಡಬ್ಬಿಯ ಜೊತೆಗೆ, ಶಾಸನಸಂಪುಟದಿಂದ ನಕಲು ಮಾಡಿಸಿಕೊಂಡ ಕೆಲವು ಹಾಳೆಗಳೂ ಇದ್ದವು.

ಅವರು ಮೊದಲು ಹತ್ತಿದ್ದು ಚಿಕ್ಕಬೆಟ್ಟವನ್ನು, ಎಂದರೆ ಚಂದ್ರಗಿರಿಯನ್ನು. ದೊಡ್ಡಬೆಟ್ಟಕ್ಕೂ ಇದಕ್ಕೂ ನಡುವೆ ಊರು. ಊರಿನ ನಡುವೆ ಅದಕ್ಕೆ ಹೆಸರು ಕೊಟ್ಟ ಬೆಳ್ಗೊಳ. ಚಿಕ್ಕಬೆಟ್ಟದಲ್ಲಿ ಜನಸಂದಣಿ ಕಡಮೆ. ಪಾದರಕ್ಷೆಯನ್ನು ಕೆಳಗೆ ಬಿಟ್ಟು ಬರಿಗಾಲಿನಲ್ಲಿ ಮೇಲೇರಿದರೆ ಪ್ರಾಕಾರದೊಳಗೆ ಸಾಲುಸಾಲಾಗಿ ಬಸದಿಗಳು. ಬಂಡೆಯ ಮೈಮೇಲೆ, ಸಲ್ಲೇಖನ ವ್ರತದಿಂದ ದೇಹ ಬಿಟ್ಟವರ ನೆನಪಿನ ಅಕ್ಷರಗಳು. ಮಾವನವರು ಅತ್ತೆಯವರ ಕೈ ಹಿಡಿದು ಒಂದು ಕಡೆ, ಅಳಿಯನು ಮಗನ ಕೈ ಹಿಡಿದು ಮತ್ತೊಂದು ಕಡೆ ನಡೆಯುತ್ತಿದ್ದರು.

ಇಲ್ಲಿಯ ಪಾರ್ಶ್ವನಾಥ ಬಸದಿಯ ನವರಂಗದಲ್ಲಿ ಮಲ್ಲಿಷೇಣ ಪ್ರಶಸ್ತಿಯೆಂಬ ದೀರ್ಘವಾದ ಶಾಸನವಿದೆ. 1129ರಲ್ಲಿ ಸಲ್ಲೇಖನದಿಂದ ಮುಡಿಪಿದ ಮಲ್ಲಿಷೇಣ ಮಲಧಾರಿದೇವರ ಸ್ಮರಣೆಗಾಗಿ ಕೆತ್ತಿಸಿದ್ದು ಅದು. ಆದರೆ ಅದನ್ನು ಓದುತ್ತ ಹೋದಂತೆ ಸಾವಿನ ಮೌನಕ್ಕಿಂತ ಸಭೆಯ ಗದ್ದಲವೇ ಹೆಚ್ಚಾಗಿ ಕೇಳಿಸುತ್ತದೆ. ಗುರುಪರಂಪರೆಯ ಒಬ್ಬೊಬ್ಬ ಆಚಾರ್ಯನೂ ಅಲ್ಲಿ ವಾದದ ಕಣಕ್ಕೆ ಇಳಿದ ಮಲ್ಲನೇ. ಸಮಂತಭದ್ರನು ಪಾಟಲಿಪುತ್ರ, ಮಾಳವ, ಸಿಂಧು, ಕಾಂಚಿ ಮೊದಲಾದ ಕಡೆಗಳಲ್ಲಿ ವಾದದ ಭೇರಿ ಹೊಡೆಯುತ್ತ ಬಂದನಂತೆ. ಅಕಲಂಕನು ಹಿಮಶೀತಲನೆಂಬ ರಾಜನ ಸಭೆಯಲ್ಲಿ ಬೌದ್ಧರನ್ನು ಗೆದ್ದನಂತೆ. ವಿಮಲಚಂದ್ರನು ಅರಮನೆಯ ಬಾಗಿಲಿಗೆ ಪತ್ರವನ್ನು ಅಂಟಿಸಿ ಶೈವ, ಪಾಶುಪತ, ಬೌದ್ಧ, ಕಾಪಾಲಿಕರೆಲ್ಲರನ್ನೂ ಕರೆದನಂತೆ. ಮಗಳು ಹಾಳೆ ನೋಡಿ ಇದನ್ನೆಲ್ಲ ಹೇಳುತ್ತಿದ್ದಾಗ ಮೊಮ್ಮಗನು, "ಸೋತವರು ಆಮೇಲೆ ಏನು ಮಾಡಿದರು?" ಎಂದು ಕೇಳಿದ. ಯಾರ ಬಳಿಯಲ್ಲಿಯೂ ಉತ್ತರವಿರಲಿಲ್ಲ. ಗೆದ್ದವರ ಪ್ರಶಸ್ತಿಯಲ್ಲಿ ಸೋತವರ ಮುಂದಿನ ಕಥೆಗೆ ಜಾಗವಿರುವುದಿಲ್ಲ.

ನಮ್ಮ ಹಿಂದಿನ ತಾರ್ಕಿಕರಿಗೆ ಈ ದೋಷ ಗೊತ್ತಿರಲಿಲ್ಲವೆಂದಲ್ಲ. ನ್ಯಾಯಶಾಸ್ತ್ರವು ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ತತ್ತ್ವವನ್ನು ತಿಳಿಯಬೇಕೆಂಬ ಇಚ್ಛೆಯಿಂದ ನಡೆಯುವುದು ವಾದ. ಹೇಗಾದರೂ ಗೆಲ್ಲಬೇಕೆಂಬ ಹಟದಿಂದ ನಡೆಯುವುದು ಜಲ್ಪ. ತನ್ನದೆಂಬ ಪಕ್ಷವೇ ಇಲ್ಲದೆ ಎದುರಾಳಿಯನ್ನು ಕೆಡವುವುದಕ್ಕಾಗಿಯೇ ನಡೆಯುವುದು ವಿತಂಡ. ವಾದಕ್ಕೆ ಇಳಿದವನು ಮೊದಲು ಪೂರ್ವಪಕ್ಷವನ್ನು ಹೇಳಬೇಕು, ಎಂದರೆ ಎದುರಿನವನ ಮತವನ್ನು ಅವನೇ ಒಪ್ಪುವಂತೆ ನಿರೂಪಿಸಬೇಕು. ಆಮೇಲೆ ತನ್ನ ಸಿದ್ಧಾಂತ. ಜೈನರ ಸ್ಯಾದ್ವಾದವಂತೂ ಇನ್ನೂ ಮುಂದೆ ಹೋಗಿ, ಯಾವ ಮಾತನ್ನಾಡಿದರೂ 'ಒಂದು ದೃಷ್ಟಿಯಿಂದ' ಎಂಬ ಎಚ್ಚರವನ್ನು ಅದಕ್ಕೆ ಜೋಡಿಸಿಕೊಳ್ಳಬೇಕೆನ್ನುತ್ತದೆ. ಇಷ್ಟು ಸೂಕ್ಷ್ಮವಾದ ತತ್ತ್ವವನ್ನು ಬೋಧಿಸಿದವರ ಪ್ರಶಸ್ತಿಯಲ್ಲಿಯೂ ಜಯಭೇರಿಯೇ ಮೊಳಗಬೇಕಾದರೆ, ಗೆಲ್ಲುವ ಆಸೆ ಎಷ್ಟು ಬಲವಾದದ್ದೆಂಬುದನ್ನು ಊಹಿಸಬಹುದು. ಊಟದ ಎಲೆಯ ಮುಂದಿನ ಮಾತು ಜಲ್ಪಕ್ಕೆ ತಿರುಗಿದ್ದರಲ್ಲಿ ಏನಾಶ್ಚರ್ಯ!

ಅದೇ ಬೆಟ್ಟದ ಮೇಲೆ, ಆ ಶಾಸನದಿಂದ ಕೂಗಳತೆಯೊಳಗೇ, ಸವತಿಗಂಧವಾರಣ ಬಸದಿಯಿದೆ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆಯು ಇದನ್ನು 1123ರಲ್ಲಿ ಕಟ್ಟಿಸಿದಳು. ಆಕೆ ಜೈನಳು. ಆಕೆಯ ಗಂಡ ಬೇಲೂರಿನಲ್ಲಿ 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ ವಿಷ್ಣುಭಕ್ತ. ಆಕೆಯ ತಂದೆ ಮಾರಸಿಂಗಯ್ಯ ಶೈವ. ತಾಯಿ ಮಾಚಿಕಬ್ಬೆ ಜೈನಳು. ಒಂದು ಮನೆತನದಲ್ಲಿ ಮೂರು ಮತ! ಆ ಮನೆಯಲ್ಲಿ ಊಟದ ಹೊತ್ತಿಗೆ ಏನು ಮಾತು ನಡೆಯುತ್ತಿತ್ತೆಂಬುದನ್ನು ಯಾವ ಕವಿಯೂ ಬರೆದಿಟ್ಟಿಲ್ಲ. ಆದರೆ ವಿಷ್ಣುಭಕ್ತನ ರಾಣಿಯು ಜಿನಾಲಯವನ್ನು ಕಟ್ಟಿಸಿದಳೆಂಬುದಕ್ಕೆ ಈ ಕಲ್ಲುಗೋಡೆಗಳೇ ಸಾಕ್ಷಿ. ಅತ್ತೆಯವರು ಇದನ್ನು ಕೇಳಿ, "ಮೂರು ಮತ ಇಟ್ಟುಕೊಂಡು ಅವರು ಬಾಳಿದರು, ಒಂದೇ ಮತ ಇಟ್ಟುಕೊಂಡು ನಮ್ಮ ಮನೆಯಲ್ಲಿ ಬಾಳುವುದು ಕಷ್ಟ" ಎಂದರು. ಯಾರೂ ನಗಲಿಲ್ಲವಾದರೂ, ಎರಡು ಮುಖಗಳು ಬೇರೆ ಬೇರೆ ದಿಕ್ಕಿಗೆ ತಿರುಗಿದವು.

ಬಿಸಿಲು ಏರುವ ಮೊದಲೇ ಅವರು ಊರಿಗೆ ಇಳಿದರು. ಮಠದ ನೆರೆಯಲ್ಲಿ ಭಂಡಾರ ಬಸದಿಯಿದೆ. ಒಂದನೆಯ ನರಸಿಂಹನ ಭಂಡಾರಿಯಾಗಿದ್ದ ಹುಳ್ಳನು 1159ರಲ್ಲಿ ಕಟ್ಟಿಸಿದ್ದರಿಂದ ಅದಕ್ಕೆ ಆ ಹೆಸರು. ದೊರೆಯು ಕೊಟ್ಟ ಹೆಸರು ಭವ್ಯಚೂಡಾಮಣಿ. ಊರಿನೊಳಗಿನ ಬಸದಿಗಳಲ್ಲಿ ಇದೇ ದೊಡ್ಡದು. ಗರ್ಭಗೃಹದಲ್ಲಿ ಇಪ್ಪತ್ತುನಾಲ್ಕು ತೀರ್ಥಂಕರರ ವಿಗ್ರಹಗಳು ಒಂದೇ ಸಾಲಿನಲ್ಲಿ ನಿಂತಿವೆ. ಬೆಟ್ಟದ ಮೇಲಿನದು ಗೆಲುವಿನ ಶಾಸನವಾದರೆ, ಈ ಬಸದಿಯಲ್ಲಿರುವುದು ಯಾರೂ ಗೆಲ್ಲದ, ಯಾರೂ ಸೋಲದ ಒಂದು ಶಾಸನ. ಅದರ ಕಾಲ ಶಕವರ್ಷ 1290, ಕೀಲಕ ಸಂವತ್ಸರದ ಭಾದ್ರಪದ, ಎಂದರೆ ಕ್ರಿ. ಶ. 1368. ಆಗ ವಿಜಯನಗರವನ್ನು ಆಳುತ್ತಿದ್ದವನು ಒಂದನೆಯ ಬುಕ್ಕರಾಯ.

ನಡೆದದ್ದು ಇಷ್ಟು. ಜೈನರಿಗೂ ಭಕ್ತರೆನಿಸಿದ ಶ್ರೀವೈಷ್ಣವರಿಗೂ ಸಂವಾದ, ಎಂದರೆ ವಿವಾದ, ಉಂಟಾಯಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಪಟ್ಟಣಗಳೂ ಸೇರಿದಂತೆ ಸಕಲ ನಾಡುಗಳ ಜೈನರು ತಮಗೆ ಅನ್ಯಾಯವಾಗುತ್ತಿದೆಯೆಂದು ಬುಕ್ಕರಾಯನಲ್ಲಿ ಬಿನ್ನವಿಸಿದರು. ರಾಜನು ಒಂದು ಪಕ್ಷವನ್ನು ಮಾತ್ರ ಕರೆಸಲಿಲ್ಲ. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರಿಂದ ಹಿಡಿದು ತಿರುಕುಲ, ಜಾಂಬವಕುಲಗಳವರೆಗೆ ಹದಿನೆಂಟು ನಾಡಿನ ಶ್ರೀವೈಷ್ಣವರೆಲ್ಲರ ಕೈಯಲ್ಲಿ ಜೈನರ ಕೈಯನ್ನು ಹಿಡಿದಿಟ್ಟನು. ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲವೆಂದು ಸಾರಿದನು.

ಇಷ್ಟಕ್ಕೇ ನಿಂತಿದ್ದರೆ ಅದು ಸಭಿಕರು ಚಪ್ಪಾಳೆ ತಟ್ಟಿ ಮರೆತುಬಿಡುವ ಭಾಷಣವಾಗುತ್ತಿತ್ತು. ಶಾಸನದ ಬೆಲೆಯಿರುವುದು ಅದರ ಮುಂದಿನ ಮಾತುಗಳಲ್ಲಿ. ಪೂರ್ವಮರ್ಯಾದೆಯಂತೆ ಪಂಚಮಹಾವಾದ್ಯಗಳೂ ಕಳಶವೂ ಜೈನ ದರ್ಶನಕ್ಕೆ ಸಲ್ಲತಕ್ಕದ್ದೆಂದು ಅದು ಹೆಸರಿಟ್ಟು ಹೇಳುತ್ತದೆ. ಮೆರವಣಿಗೆಯಲ್ಲಿ ಯಾವ ವಾದ್ಯ ಯಾರಿಗೆ ಸಲ್ಲಬೇಕೆಂಬುದು ಇಂದು ಸಣ್ಣ ಮಾತಾಗಿ ಕಾಣಬಹುದು. ಆದರೆ ಮತಕಲಹಗಳು ಬಹುಮಟ್ಟಿಗೆ ಬ್ರಹ್ಮವಸ್ತುವಿನ ಸ್ವರೂಪದಿಂದ ಹುಟ್ಟುವುದಿಲ್ಲ, ಬೀದಿಯ ವಾದ್ಯದಿಂದಲೇ ಹುಟ್ಟುತ್ತವೆ. ಭಕ್ತರ ದೆಸೆಯಿಂದ ಜೈನ ದರ್ಶನಕ್ಕೆ ಹಾನಿಯಾಗಲಿ ವೃದ್ಧಿಯಾಗಲಿ ಉಂಟಾದರೆ, ಅದನ್ನು ವೈಷ್ಣವರು ತಮ್ಮದೇ ಹಾನಿ, ತಮ್ಮದೇ ವೃದ್ಧಿಯೆಂದು ಬಗೆಯಬೇಕು. ರಾಜ್ಯದ ಬಸದಿಗಳಲ್ಲೆಲ್ಲ ಈ ಶಾಸನವನ್ನು ನಿಲ್ಲಿಸಬೇಕಾದವರೂ ಶ್ರೀವೈಷ್ಣವರೇ. ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಜೈನರು ಕೊಡುವುದು. ತಿರುಮಲೆಯ ತಾತಯ್ಯನು ಆ ಹಣದಿಂದ ಬೆಳ್ಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಮಂದಿಯನ್ನು ನೇಮಿಸುವುದು. ಉಳಿದ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸುವುದು. ಇದಕ್ಕೆ ತಪ್ಪಿದವನು ರಾಜದ್ರೋಹಿ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ. ಬಿನ್ನಹವನ್ನು ಮುಂದುವರಿಸಿ ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದ ಕಲ್ಲೆಹದ ಬುಸುವಿಸೆಟ್ಟಿಗೆ ಎರಡು ಸಮಯದವರೂ ಒಂದುಗೂಡಿ ಸಂಘನಾಯಕ ಪಟ್ಟವನ್ನು ಕಟ್ಟಿದರು. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ಈ ಒಪ್ಪಂದದ ಶಾಸನವಿದೆ.

ಓದುವವನನ್ನು ಬೆರಗುಗೊಳಿಸುವ ಇನ್ನೊಂದು ಸಂಗತಿಯಿದೆ. ಜಿನಾಲಯದಲ್ಲಿ ನಿಂತಿರುವ ಈ ಶಾಸನದ ಮೊದಲ ಶ್ಲೋಕವು ಜಿನಸ್ತುತಿಯಲ್ಲ, ರಾಮಾನುಜರ ಸ್ತುತಿ. ಅದೂ ಮೆತ್ತಗಿನ ಸ್ತುತಿಯಲ್ಲ. ಪಾಷಂಡಿಗಳೆಂಬ ಸಮುದ್ರಕ್ಕೆ ರಾಮಾನುಜರು ಬಡಬಾಗ್ನಿಯೆಂದು ಅದು ಹೊಗಳುತ್ತದೆ. ವೈಷ್ಣವರು ತಮ್ಮ ಆಚಾರ್ಯರ ಹಿರಿಮೆಯನ್ನು ಒಂದಂಗುಲವೂ ತಗ್ಗಿಸಲಿಲ್ಲ. ಜೈನರು ಅದನ್ನು ತಮ್ಮ ಬಸದಿಯಲ್ಲಿ ನಿಲ್ಲಿಸಿಕೊಂಡರು. ಇತ್ತ ಜೈನರೂ ತಮ್ಮ ಜಿನನನ್ನು ಬಿಡಲಿಲ್ಲ. ಭೇದವಿಲ್ಲವೆಂದು ರಾಜನು ಸಾರಿದರೂ ಇಬ್ಬರ ಮನಸ್ಸಿನಲ್ಲಿಯೂ ಭೇದವು ಇದ್ದೇ ಇತ್ತು. ಬದಲಾದದ್ದು ಒಂದೇ: ಬಲವುಳ್ಳವನು ತನಗೆ ಒಪ್ಪಿಗೆಯಿಲ್ಲದ ಮತವನ್ನು ಕಾಯುವುದಾಗಿ ಮಾತು ಕೊಟ್ಟನು.

ಮಗಳು ಓದಿ ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಮೌನ ಮುರಿದವನು ಅಳಿಯ.

"ನೋಡಿದಿರಾ ಮಾವ, ಆಗಲೂ ದೇವರ ಹಣಕ್ಕೆ ಲೆಕ್ಕ ಕಟ್ಟಿಸಿದವನು ದೊರೆಯೇ."

ನಾಲ್ಕು ತಿಂಗಳಿನಲ್ಲಿ ಇದೇ ಮೊದಲ ಮಾತು. ಮಾವನವರು ಕನ್ನಡಕವನ್ನು ಸರಿಪಡಿಸಿಕೊಂಡರು.

"ದೊರೆ ದೂರು ಕೇಳಿದ, ದಾರಿ ತೋರಿಸಿದ. ಹಣ ಕೊಡುವವರ ಒಪ್ಪಿಗೆಯಿಂದ ಎಂದು ಕಲ್ಲಿನಲ್ಲಿಯೇ ಇದೆಯಲ್ಲ! ನಡೆಸುವ ಭಾರ ತಾತಯ್ಯನದು. ದೊರೆಯ ಅಧಿಕಾರಿಗಳು ಹುಂಡಿಗೆ ಕೈಹಾಕಿದರೆಂದು ಎಲ್ಲಿದೆ, ತೋರಿಸಿ."

"ಇಪ್ಪತ್ತು ಮಂದಿ ಇಷ್ಟು, ಸುಣ್ಣಕ್ಕೆ ಇಷ್ಟು ಎಂದು ಊರೆಲ್ಲ ಓದುವ ಹಾಗೆ ಬರೆಯಿಸಿದ್ದು ಲೆಕ್ಕವಲ್ಲವೇ?"

"ಲೆಕ್ಕ ಬೇಡವೆಂದು ನಾನು ಎಂದು ಹೇಳಿದೆ?"

ಅಳಿಯನು ಉತ್ತರಕ್ಕಾಗಿ ತಡಕಾಡಿದ. ಯುಗಾದಿಯ ದಿನ ಮಾವನವರು ಆ ಮಾತನ್ನು ಹೇಳಿದ್ದರೋ, ಅಥವಾ ಹೇಳಿದರೆಂದು ತಾನೇ ತಿಳಿದುಕೊಂಡಿದ್ದನೋ, ಅವನಿಗೆ ಖಚಿತವಿರಲಿಲ್ಲ.

ಆಗ ಮಗಳು, "ಇಬ್ಬರೂ ಒಂದು ಮಾತು ಬಿಟ್ಟುಬಿಟ್ಟಿರಿ, ಅಪ್ಪ. ಕಾವಲಿಗೆ ಹಣ ಕೊಟ್ಟವರು ಯಾರು? ಅನ್ಯಾಯವಾಯಿತೆಂದು ದೂರು ತಂದವರೇ!" ಎಂದಳು.

"ಅದು ಸರಿಯಲ್ಲ" ಎಂದ ಅಳಿಯ.

"ಸರಿಯಲ್ಲವೆಂಬುದು ನಿಜ" ಎಂದರು ಮಾವನವರು.

ನಿಜಕ್ಕೂ ಅದು ಈ ಒಪ್ಪಂದದ ಕೊರತೆ. ನೊಂದವನೇ ತನ್ನ ರಕ್ಷಣೆಯ ವೆಚ್ಚವನ್ನು ಹೊರಬೇಕಾಗಿ ಬಂತು. ಹಳೆಯ ಕಾಲದ್ದೆಂದ ಮಾತ್ರಕ್ಕೆ ಎಲ್ಲವೂ ಆದರ್ಶವಾಗಬೇಕಿಲ್ಲ. ಆದರೆ ಕೊರತೆಯುಳ್ಳ ಒಪ್ಪಂದವನ್ನು ತಿದ್ದಬಹುದು. ಮಾತೇ ನಿಂತುಹೋದ ಮೇಲೆ ತಿದ್ದುವುದಕ್ಕೆ ಏನೂ ಉಳಿಯುವುದಿಲ್ಲ.

ಮರುದಿನ ಅವರು ಹಳೇಬೀಡಿಗೆ ಹೋದರು. ಹೊಯ್ಸಳೇಶ್ವರನ ಗುಡಿಯ ಜನಜಂಗುಳಿಯನ್ನು ಬಿಟ್ಟು ಬಸ್ತಿಹಳ್ಳಿಯ ಕಡೆಗೆ ನಡೆದರೆ ವಿಜಯ ಪಾರ್ಶ್ವನಾಥ ಬಸದಿ ಸಿಕ್ಕುತ್ತದೆ. ಗಂಗರಾಜನ ಮಗ ಬೊಪ್ಪನು 1133ರಲ್ಲಿ ಇದನ್ನು ಕಟ್ಟಿಸಿದನು. ಮುಖ ಕಾಣುವಷ್ಟು ನಯವಾಗಿ ಕಡೆದ ಇಲ್ಲಿಯ ಕರಿಯ ಕಂಬಗಳನ್ನು ಹುಡುಗರು ಕನ್ನಡಿಯಂತೆ ನೋಡಿಕೊಳ್ಳುತ್ತಾರೆ. ಆ ಕಂಬಗಳ ಸುತ್ತಲೇ ಒಮ್ಮೆ ಬೆಂಕಿ ಹೊತ್ತಿಕೊಳ್ಳುವುದರಲ್ಲಿತ್ತು. ಹುಚ್ಚಪ್ಪದೇವರೆಂಬವರು ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆಯನ್ನು ಒತ್ತಿದರು. ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿದನು. ಈ ಕಲಹದ ತೀರ್ಮಾನವು 1638ರ ಶಾಸನವೊಂದರಲ್ಲಿದೆ. ವೀರಶೈವ ಹಿರಿಯರು ಸೇರಿ ವಿಚಾರಿಸಿ, ಜೈನರು ಮೊದಲು ವೀರಶೈವ ಮರ್ಯಾದೆಯಂತೆ ವಿಭೂತಿ ವೀಳ್ಯಗಳನ್ನು ಒಪ್ಪಿಸಿ, ಅನಂತರ ತಮ್ಮ ಪೂಜೆ ದೀಪಾರಾಧನೆಗಳನ್ನು ಹಿಂದಿನಂತೆಯೇ ಆಚಂದ್ರಾರ್ಕವಾಗಿ ನಡೆಸಿಕೊಳ್ಳಬಹುದೆಂದು ಗೊತ್ತುಮಾಡಿದರು. ಇಲ್ಲಿಯೂ ತಕ್ಕಡಿ ಪೂರ್ತಿ ಸಮವಾಗಿಲ್ಲ. ಮೊದಲ ಗೌರವ ಬಲವುಳ್ಳವರಿಗೇ ಸಂದಿದೆ. ಆದರೆ ಶಾಪದ ಮಾತನ್ನು ನೋಡಬೇಕು. ಜೈನಧರ್ಮಕ್ಕೆ ಅಡ್ಡಿಮಾಡಿದವನು ಶಿವದ್ರೋಹಿ, ಲಿಂಗಕ್ಕೆ ದ್ರೋಹಿ, ವಿಭೂತಿ ರುದ್ರಾಕ್ಷಿಗಳಿಗೆ ದ್ರೋಹಿ! ಬೆಳ್ಗೊಳದಲ್ಲಿ ಕಂಡ ಮಾರ್ಗವೇ ಇಲ್ಲಿಯೂ ಕಾಣುತ್ತದೆ. ಜಿನನ ಪೂಜೆ ನಡೆಯಲೆಂದು ಶಿವನ ಮೇಲೆ ಆಣೆ. ಎದುರಿನವನ ದೇವರ ಹೆಸರಿನಲ್ಲಿ ಹೇಳಿದ್ದರೆ ವೀರಶೈವನಿಗೆ ಅದು ತಟ್ಟುತ್ತಿರಲಿಲ್ಲ. ಅವನ ಎದೆಯೊಳಗಿನ ಮಾತಿನಿಂದಲೇ ಅವನನ್ನು ಕಟ್ಟಿಹಾಕಲಾಯಿತು.

ಬೆಂಗಳೂರಿಗೆ ಹಿಂದಿರುಗುವ ದಾರಿಯಲ್ಲಿ, ಯಡಿಯೂರು ದಾಟಿದ ಮೇಲೆ, ಮಾವನವರು ಮುಂದಿನ ಆಸನದಿಂದ ತಿರುಗಿ, "ನಿಮ್ಮ ಪೂರ್ವಪಕ್ಷವನ್ನು ನಾನು ಹೇಳಿನೋಡಲೇ? ತಪ್ಪಿದರೆ ತಿದ್ದಿ" ಎಂದರು. ಹಲವರ ಹಣ, ಹಲವರ ಕಣ್ಣಿಗೆ ಕಾಣುವ ಲೆಕ್ಕ, ಕೆಲವರ ಸ್ವಾರ್ಥಕ್ಕೆ ತಡೆ ಎಂದು ನಿಧಾನವಾಗಿ ಹೇಳಿದರು. ಅಳಿಯನು ಒಂದೇ ಕಡೆ ತಿದ್ದಿದ. ಆಮೇಲೆ ಅವನು ಮಾವನವರ ಪಕ್ಷವನ್ನು ಹೇಳಿದ: ಭಕ್ತರು ಕೊಟ್ಟದ್ದರ ಮೇಲೆ ಭಕ್ತರಿಗೆ ಮೊದಲ ಮಾತು ಇರಬೇಕು; ಅಧಿಕಾರ ಒಳಗೆ ಬಂದಲ್ಲಿ ಭಕ್ತಿ ಹೊರಗೆ ಹೋಗುವ ಭಯವುಂಟು. ಮಾವನವರು ಮೂರು ಕಡೆ ತಿದ್ದಿದರು. ಮೊಮ್ಮಗನು ನಿದ್ದೆಹೋಗಿದ್ದ, ಅತ್ತೆಯವರು ಕಣ್ಣುಮುಚ್ಚಿ ಎಲ್ಲವನ್ನೂ ಕೇಳುತ್ತಿದ್ದರು.

ಕುಣಿಗಲಿನಲ್ಲಿ ಕಾಫಿಗೆ ನಿಂತಾಗಲೂ ವಾದ ಮುಗಿದಿರಲಿಲ್ಲ. ಮಾವನವರ ಮತ ಮಾವನವರಲ್ಲಿಯೇ, ಅಳಿಯನ ಮತ ಅಳಿಯನಲ್ಲಿಯೇ ಉಳಿದಿತ್ತು. ಕಾಫಿಯ ದುಡ್ಡು ಕೊಡಲು ಇಬ್ಬರೂ ಒಟ್ಟಿಗೆ ಮುಂದಾದರು. ಆ ಒಂದು ವಿವಾದವನ್ನು ಮಾತ್ರ ಬುಕ್ಕರಾಯನೇ ಬಂದರೂ ಬಗೆಹರಿಸುವುದು ಸಾಧ್ಯವಿರಲಿಲ್ಲ. ಕೊನೆಗೆ ಮಗಳೇ ದುಡ್ಡು ಕೊಟ್ಟಳು.